ಕಾವಲಿಗೊಂದು ದತ್ತಿ



ಸರ್ಕಾರದ ಯಾವ ಕಾಮಗಾರಿಗೂ ಎರಡು ಬಗೆಯ ಖರ್ಚು ಇರುತ್ತದೆ. ಮೊದಲನೆಯದು ಕಟ್ಟುವ ಖರ್ಚು. ಅದಕ್ಕೆ ಅಂದಾಜುಪಟ್ಟಿ ಇದೆ, ಟೆಂಡರ್ ಇದೆ, ಶಂಕುಸ್ಥಾಪನೆಯ ಕಲ್ಲಿದೆ. ಎರಡನೆಯದು, ಕಟ್ಟಿದ್ದರಿಂದ ನೆಲಕ್ಕೆ, ನೀರಿಗೆ, ಜೀವಕ್ಕೆ ಏನಾಗುತ್ತಿದೆ ಎಂದು ವರ್ಷಾನುಗಟ್ಟಲೆ ನೋಡುತ್ತಿರುವ ಖರ್ಚು. ಕಾನೂನು ಅದನ್ನು ಕಡ್ಡಾಯ ಮಾಡಿರುತ್ತದೆ, ನ್ಯಾಯಾಲಯ ಷರತ್ತು ಹಾಕಿರುತ್ತದೆ. ಆದರೆ ಹಣ ಎಲ್ಲಿಂದ ಬರಬೇಕು ಎಂಬ ಮಾತು ಬಂದಾಗ ಇಲಾಖೆ ಪಂಚಾಯತಿಯ ಕಡೆ, ಪಂಚಾಯತಿ ಜಿಲ್ಲಾಡಳಿತದ ಕಡೆ, ಜಿಲ್ಲಾಡಳಿತ ರಾಜಧಾನಿಯ ಕಡೆ ಕೈ ತೋರಿಸುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿರುವ ಈ ಕಾಲದಲ್ಲಿ ಕಾವಲಿನ ಈ ಖರ್ಚು ಯಾರದು, ಅದನ್ನು ಹೇಗೆ ಹೊಂದಿಸಬೇಕು ಎಂಬುದೇ ಇಂದಿನ ನನ್ನ ವಿಷಯ.

ಇದನ್ನು ಕಡಲಾಮೆಗಳಿಂದ ಆರಂಭಿಸಲು ಅನುಮತಿ ಕೋರುತ್ತೇನೆ. ಕಡಲೇ ಇಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಆಮೆಯ ಮಾತೇಕೆ ಎಂದು ಅನ್ನಿಸಬಹುದು. ಆದರೆ ಕಡ್ಡಾಯ ಕಾವಲಿನ ಖರ್ಚನ್ನು ಕುರಿತು ಸ್ಥಳೀಯ ಸರ್ಕಾರಗಳಲ್ಲಿ ಬಹಳ ಸ್ಪಷ್ಟವಾಗಿ ಚರ್ಚೆಯಾಗಿರುವುದು ಕಡಲಾಮೆಯ ವಿಚಾರದಲ್ಲಿ.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ವೊಲೂಸಿಯಾ ಎಂಬ ಕೌಂಟಿ ಇದೆ, ನಮ್ಮ ಜಿಲ್ಲೆಯಂಥದ್ದು. ಡೇಟೋನಾ ಬೀಚ್ ಇರುವುದು ಅಲ್ಲೇ. ಅಲ್ಲಿ ಮರಳ ದಂಡೆಯ ಮೇಲೆ ಕಾರು ಓಡಿಸುವುದು ಹಳೆಯ ರೂಢಿ. ಅದೇ ಮರಳಿನಲ್ಲಿ ಲಾಗರ್‌ಹೆಡ್ ಆಮೆಗಳು ಮೊಟ್ಟೆಯಿಡುತ್ತವೆ. 1995ರಲ್ಲಿ ಇಬ್ಬರು ನಿವಾಸಿಗಳು ಆಮೆಯ ಹೆಸರನ್ನೇ ವಾದಿಯ ಸ್ಥಾನದಲ್ಲಿಟ್ಟು ಕೌಂಟಿಯ ಮೇಲೆ ದಾವೆ ಹೂಡಿದರು. 1996ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ದಂಡೆಯ ಮೇಲೆ ಕಾರು ಓಡಿಸಲು ಷರತ್ತುಬದ್ಧ ಅನುಮತಿ ಕೊಟ್ಟಿತು. ಮೊಟ್ಟೆಯಿಡುವ ಕಾಲದಲ್ಲಿ ಪ್ರತಿದಿನ ಬೆಳಿಗ್ಗೆ ತರಬೇತಾದವರು ದಂಡೆಯುದ್ದಕ್ಕೂ ಹೋಗಿ, ರಾತ್ರಿ ಆಮೆ ಬಂದುಹೋದ ಜಾಡು ಹುಡುಕಿ, ಗೂಡಿನ ಸುತ್ತ ಗೂಟ ನೆಟ್ಟು ಗುರುತು ಮಾಡಬೇಕು. ಅವರ ಕೆಲಸ ಮುಗಿಯುವ ತನಕ ಸಾರ್ವಜನಿಕರ ಕಾರಿಗೆ ದಂಡೆಯ ಗೇಟು ತೆರೆಯುವುದಿಲ್ಲ. ಈ ಏರ್ಪಾಡಿನ ಹೊಣೆ ಕೌಂಟಿಯದು. ದಂಡೆಗೆ ಇಳಿಯುವ ವಾಹನಗಳಿಂದ ಶುಲ್ಕ ವಸೂಲು ಮಾಡುವುದೂ ಕೌಂಟಿಯೇ.

ಆ ರಾಜ್ಯದ ಕರಾವಳಿಯಲ್ಲಿ ಸವೆದ ದಂಡೆಗೆ ಮರಳು ತುಂಬಿಸುವ ಕಾಮಗಾರಿಗಳಿಗೂ ಇಂಥದೇ ಷರತ್ತು ಇರುತ್ತದೆ. ಮರಳು ಸುರಿದು ಗುತ್ತಿಗೆದಾರ ಹೊರಟುಹೋದ ಮೇಲೂ ಆಮೆಗಳು ಆ ಹೊಸ ಮರಳನ್ನು ಒಪ್ಪಿಕೊಂಡವೇ ಇಲ್ಲವೇ ಎಂದು ನೋಡುತ್ತಿರಬೇಕು. ಮರಳು ಸುರಿದದ್ದು ಕಣ್ಣಿಗೆ ಕಾಣುತ್ತದೆ, ಪ್ರವಾಸಿಗರು ಬರುತ್ತಾರೆ. ಆಮೆ ಎಣಿಸಿದ್ದರಿಂದ ಏನು ಬಂತು ಎಂಬ ಪ್ರಶ್ನೆ ಬಜೆಟ್ ಸಭೆಯಲ್ಲಿ ಏಳುತ್ತದೆ. ಅದನ್ನು ಕೇಳುವವರು ಪ್ರಕೃತಿದ್ವೇಷಿಗಳೇನಲ್ಲ. ತೆರಿಗೆದಾರರ ಹಣಕ್ಕೆ ಉತ್ತರ ಕೊಡಬೇಕಾದ ಚುನಾಯಿತ ಸದಸ್ಯರು ಅವರು. ಆದ್ದರಿಂದ ಪ್ರಶ್ನೆಗೆ ಮರ್ಯಾದೆಯಿಂದಲೇ ಉತ್ತರ ಹುಡುಕಬೇಕು.

ನಮ್ಮ ಉತ್ತರ ಕನ್ನಡದ ದಂಡೆಗಳಿಗೂ ಚಳಿಗಾಲದ ಹೊತ್ತಿಗೆ ಆಲಿವ್ ರಿಡ್ಲೆ ಆಮೆಗಳು ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಅವುಗಳಿಗೆ ಸ್ಥಾನವಿದೆ. ಅಲ್ಲಿ ಗೂಡಿನ ಸುದ್ದಿ ಮೊದಲು ಮುಟ್ಟಿಸುವವರು ನಸುಕಿನಲ್ಲಿ ಕಡಲಿಗೆ ಇಳಿಯುವ ಮೀನುಗಾರರು. ಅರಣ್ಯ ಇಲಾಖೆಯವರು ಬಂದು ಬಲೆಯ ಬೇಲಿ ಕಟ್ಟುತ್ತಾರೆ, ಮೊಟ್ಟೆಯೊಡೆಯುವ ಐವತ್ತು ದಿನದ ಆಸುಪಾಸು ಅದನ್ನು ಕಾಯಲಾಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿವಾದ ಎದ್ದಾಗ ಆ ದಂಡೆಯಲ್ಲಿ ಆಮೆ ಗೂಡು ಕಟ್ಟುತ್ತದೆಯೋ ಇಲ್ಲವೋ ಎಂಬುದೇ ದೊಡ್ಡ ತಕರಾರಾಯಿತು. ವರ್ಷ ವರ್ಷದ ದಾಖಲೆ ಇದ್ದ ಕಡೆ ಇಂಥ ತಕರಾರು ಬೇಗ ತೀರುತ್ತದೆ. ದಾಖಲೆ ಇಲ್ಲದ ಕಡೆ ಬಾಯಿ ದೊಡ್ಡದಿದ್ದವರ ಮಾತು ನಡೆಯುತ್ತದೆ.

ಆಲಿವ್ ರಿಡ್ಲೆ ಮರಿ ಬೆಳೆದು ತಾನೇ ಮೊಟ್ಟೆಯಿಡಲು ಹತ್ತು ಹದಿನೈದು ವರ್ಷ ಬೇಕು. ಲಾಗರ್‌ಹೆಡ್‌ಗೆ ಇನ್ನೂ ಹೆಚ್ಚು. ಇವತ್ತು ದಂಡೆಯಲ್ಲಿ ಆದ ಕೆಡುಕು ಗೂಡಿನ ಸಂಖ್ಯೆಯಲ್ಲಿ ಕಾಣುವ ಹೊತ್ತಿಗೆ ಕಾಮಗಾರಿ ಮಾಡಿದ ಎಂಜಿನಿಯರರು ನಿವೃತ್ತರಾಗಿರುತ್ತಾರೆ, ಬಿಲ್ಲು ಪಾವತಿಯಾಗಿರುತ್ತದೆ. ಎರಡು ವರ್ಷ ನೋಡಿ ಏನೂ ಆಗಿಲ್ಲ ಎಂದು ಬರೆದ ವರದಿ ಸುಳ್ಳಲ್ಲದಿದ್ದರೂ ಅದಕ್ಕೆ ಬೆಲೆಯಿಲ್ಲ. ನಮ್ಮ ನೆಲದಡಿಯ ನೀರು ಈ ವಿಷಯದಲ್ಲಿ ಆಮೆಗೆ ಸಮ. ಕೆರೆಯಂಗಳದಲ್ಲಿ ಇಂಗಿದ್ದು ಶಿಲೆಯ ಬಿರುಕುಗಳಲ್ಲಿ ಜಾರಿ ನೂರಾರು ಅಡಿ ಆಳದ ಕೊಳವೆಬಾವಿಗೆ ಸೇರುವುದು ಒಂದು ಕಡೆ ಬೇಗ, ಇನ್ನೊಂದು ಕಡೆ ತೀರಾ ನಿಧಾನ. ಒಮ್ಮೆ ಕೆಟ್ಟರೆ ಅದನ್ನು ತೊಳೆಯುವ ಉಪಾಯ ಯಾರ ಬಳಿಯೂ ಇಲ್ಲ.

ಈಗ ನಮ್ಮ ಕೆರೆಗಳಿಗೆ ಬರುತ್ತೇನೆ.

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಪಾಲಾರ್ ನಮ್ಮ ನೆಲದ ಮೇಲೆಯೇ ಹಾದು ತಮಿಳುನಾಡಿಗೆ ಹೋಗುತ್ತದೆ, ಆದರೆ ನೀರು ಕಂಡ ವರ್ಷಗಳನ್ನು ಹಿರಿಯರು ನೆನಪಿಟ್ಟು ಹೇಳಬೇಕು. ಕೆರೆ ಬತ್ತಿದ ಮೇಲೆ ಬೋರ್‌ವೆಲ್ ಬಂತು, ಸಾವಿರ ಅಡಿ ದಾಟಿತು, ನೀರಿನ ಜೊತೆಗೆ ಫ್ಲೋರೈಡ್ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುವ ಫ್ಲೋರೈಡ್ ಅದನ್ನು ಮೀರಿದ ಊರುಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಬಿದ್ದ ಮಕ್ಕಳು ದೊಡ್ಡವರಾಗಿದ್ದಾರೆ. ಇಂಥ ಜಿಲ್ಲೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು, ಅಂದರೆ ನಾವೆಲ್ಲ ಕೆ.ಸಿ. ವ್ಯಾಲಿ ಎನ್ನುವ ಯೋಜನೆ, ಬಂತು. ಸುಮಾರು 1,342 ಕೋಟಿ ರೂಪಾಯಿಯ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆ ತುಂಬಿಸುವ ಗುರಿ. ಬೆಂಗಳೂರಿನ ಜಲಮಂಡಳಿ ಎರಡನೇ ಹಂತದವರೆಗೆ ಶುದ್ಧ ಮಾಡಿ ಕೊಡಬೇಕು, ಸಣ್ಣ ನೀರಾವರಿ ಇಲಾಖೆ ಪಂಪು ಮಾಡಿ ತರಬೇಕು. ಈ ನೀರು ಕುಡಿಯುವುದಕ್ಕಲ್ಲ, ಕೆರೆಗೆ ಮೋಟಾರು ಇಟ್ಟು ನೇರವಾಗಿ ಬೆಳೆಗೆ ಹಾಯಿಸುವುದಕ್ಕೂ ಅಲ್ಲ. ಕೆರೆಯಲ್ಲಿ ನಿಂತು ಇಂಗಬೇಕು, ಅಂತರ್ಜಲ ಏರಬೇಕು, ಅಷ್ಟೇ ಉದ್ದೇಶ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮರುತಿಂಗಳು ಅದೇ ನೀರಿನಲ್ಲಿ ನೊರೆ ಕಾಣಿಸಿಕೊಂಡಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿಯವರು ಹೈಕೋರ್ಟಿಗೆ ಹೋದರು, ನೀರು ನಿಂತಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅನುಮತಿ ಕೊಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕೆಲವು ತಿಂಗಳ ನಂತರ ಆ ತಡೆಯೂ ತೆರವಾಯಿತು. ನೀರು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಹರಿಯಿತು. ನರಸಾಪುರ ಕೆರೆ ತುಂಬಿತು, ಕೋಲಾರಮ್ಮನ ಕೆರೆ ತುಂಬಿತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂದುದನ್ನು ರೈತರು ಕಣ್ಣಾರೆ ಕಂಡಿದ್ದಾರೆ, ಅಂತರ್ಜಲ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಹೇಳಿದೆ. ಈ ಲಾಭವನ್ನು ಚಿಕ್ಕದು ಮಾಡುವವರು ಈ ಜಿಲ್ಲೆಯ ಬರವನ್ನು ಕಂಡವರಲ್ಲ. ಅದೇ ವೇಳೆ, ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಕೂಗು ಇನ್ನೂ ನಿಂತಿಲ್ಲ, ನಿಲ್ಲಲೂಬಾರದು. ಆದರೆ ಎರಡನೇ ಹಂತ ಸಾಕೇ, ಮೂರನೆಯದು ಬೇಕೇ ಎಂಬ ವಾದವೂ ಕೊನೆಗೆ ನಿಲ್ಲುವುದು ಪರೀಕ್ಷೆಯ ಅಂಕಿಗಳ ಮೇಲೆ. ಆ ಅಂಕಿಗಳನ್ನು ಯಾರು ತರುತ್ತಾರೆ, ಯಾರ ದುಡ್ಡಿನಲ್ಲಿ ತರುತ್ತಾರೆ?

ಪರೀಕ್ಷೆ ಎಂದರೆ ಏನು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸುವ ವ್ಯವಸ್ಥೆ ಇದೆ. ಪೆಟ್ಟಿಗೆ ತೆರೆದು, ಸಣ್ಣ ಕೊಳವೆಯಲ್ಲಿ ಗೆರೆಯ ತನಕ ನೀರು ತುಂಬಿ, ದ್ರಾವಣದ ಹನಿ ಬಿಟ್ಟು ಕುಲುಕಿ, ಬಂದ ಬಣ್ಣವನ್ನು ಅಚ್ಚು ಹಾಕಿದ ಪಟ್ಟಿಯ ಪಕ್ಕ ಹಿಡಿದು ನೋಡುತ್ತಾರೆ. ಗುಲಾಬಿ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ರೋಗಾಣು ಪರೀಕ್ಷೆಗೆ ಬೇರೆ ಸೀಸೆ: ನೀರು ತುಂಬಿ ಮುಚ್ಚಿಟ್ಟು, ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರು ಕುಡಿಯಬಾರದು. ಈ ಕೆಲಸವನ್ನು ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಚೆನ್ನಾಗಿ ಮಾಡಬಲ್ಲರು. ಆದರೆ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂನಂಥ ಲೋಹಗಳು ಈ ಪೆಟ್ಟಿಗೆಗೆ ಸಿಗುವುದಿಲ್ಲ. ಔಷಧ, ಸಾಬೂನು, ಕಾರ್ಖಾನೆಗಳಿಂದ ಚರಂಡಿಗೆ ಸೇರುವ ರಾಸಾಯನಿಕಗಳಂತೂ ಸಿಗುವುದೇ ಇಲ್ಲ. ಅವಕ್ಕೆ ದೊಡ್ಡ ಯಂತ್ರವಿರುವ ಪ್ರಯೋಗಾಲಯ ಬೇಕು, ಓದಿದ ಕೈ ಬೇಕು, ತಣ್ಣಗೆ ಕಾಪಾಡಿದ ಮಾದರಿ ಹೊತ್ತಿಗೆ ಸರಿಯಾಗಿ ತಲುಪಬೇಕು. ಕೆರೆಯ ನೀರು ಮಾತ್ರ ಸಾಲದು, ಕೆರೆಯ ಹೂಳು, ಸುತ್ತಲಿನ ಕೊಳವೆಬಾವಿ, ಅಲ್ಲಿ ಬೆಳೆದ ಸೊಪ್ಪು, ಅದನ್ನು ತಿಂದ ಹಸುವಿನ ಹಾಲು ಎಲ್ಲವನ್ನೂ ನೋಡಬೇಕು. ಒಂದು ಸಲವಲ್ಲ, ಮಳೆಗೆ ಮೊದಲೊಮ್ಮೆ, ಮಳೆ ಕಳೆದ ಮೇಲೊಮ್ಮೆ, ವರ್ಷಬಿಡದೆ. ಖರ್ಚಿನ ಮಾತು ಹುಟ್ಟುವುದು ಇಲ್ಲಿ.

ಗ್ರಾಮ ಪಂಚಾಯತಿಯ ಸದಸ್ಯರ ವಾದವನ್ನು ಮೊದಲು ಕೇಳಬೇಕು. ಬೀದಿದೀಪದ ಬಿಲ್ಲು ಬಾಕಿ ಇದೆ, ಪಂಪು ಸುಟ್ಟಿದೆ, ನೀರುಗಂಟಿಗೆ ಸಂಬಳ ಹೊಂದಿಸಬೇಕು. ಬೆಂಗಳೂರಿನವರ ನೀರು ಪರೀಕ್ಷಿಸಲು ನಾವೇಕೆ ದುಡ್ಡು ಕೊಡಬೇಕು ಎನ್ನುತ್ತಾರೆ. ಹದಿನೈದನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟ ಹಣವಾಗಿತ್ತು. ಅಂಥ ಹಣದಿಂದ ಕೊಡಿ ಎಂದು ಮೇಲಿನವರು ಹೇಳುವುದು ಸುಲಭ. ಹಾಗೆ ಕೊಟ್ಟರೆ ನಲ್ಲಿ ದುರಸ್ತಿಯ ಹಣ ಬೇರೆಯವರ ಚರಂಡಿಯ ಲೆಕ್ಕಕ್ಕೆ ಹೋದಂತಾಗುತ್ತದೆ. ಪಂಚಾಯತಿಯವರ ಈ ಮಾತು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಹಣ ಕೊಡದೆ ಹೊಣೆ ಮಾತ್ರ ಹೊರಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕಿತ್ತು. ಬಹುಪಾಲು ಕಡೆ ವರ್ಷಗಟ್ಟಲೆ ಆಗಲಿಲ್ಲ. 2020ರ ಜನವರಿ ಕೊನೆಯೊಳಗೆ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದಾಗ ದೇಶದಾದ್ಯಂತ ದಾಖಲಾತಿಗಳು ಅವಸರದಲ್ಲಿ ತಯಾರಾದವು. ಗಡುವಿಗೆ ಹೆದರಿ ಬರೆದ ಪುಸ್ತಕದಲ್ಲಿ ಊರಿನ ಮರಗಿಡ ಎಷ್ಟು ಇದ್ದೀತು?

ರೈತರ ಒಂದು ಅಂಜಿಕೆಯೂ ಇದೆ, ಅದನ್ನು ಬಹಿರಂಗವಾಗಿ ಯಾರೂ ಹೇಳುವುದಿಲ್ಲ. ಕೋಲಾರದ ಮಾರುಕಟ್ಟೆಯ ಟೊಮ್ಯಾಟೊ ದೇಶದ ಮೂಲೆಮೂಲೆಗೆ ಹೋಗುತ್ತದೆ, ಮಾಲೂರಿನ ಹೂವು ತರಕಾರಿ ಬೆಂಗಳೂರಿಗೆ, ಶ್ರೀನಿವಾಸಪುರ ಮುಳಬಾಗಿಲಿನ ಮಾವು ಇನ್ನೂ ದೂರಕ್ಕೆ. ನಾಳೆ ಒಂದು ವರದಿ ನಮ್ಮ ನೀರು ಕೆಟ್ಟಿದೆ ಎಂದರೆ ಲಾರಿಯವನು ಬರುವನೇ? ಆದ್ದರಿಂದ ನೋಡದಿರುವುದೇ ಕ್ಷೇಮ ಎಂಬ ಭಾವನೆ ಬೆಳೆಯುತ್ತದೆ. ಈ ಭಯಕ್ಕೆ ಬೈಗುಳ ಉತ್ತರವಲ್ಲ. ಕಾವಲು ನಿರಂತರವಾಗಿದ್ದರೆ ಕೆಟ್ಟದ್ದು ಯಾವ ಕೆರೆ, ಯಾವ ತಿಂಗಳು ಎಂದು ಬೆರಳಿಟ್ಟು ತೋರಿಸಬಹುದು, ಮಿಕ್ಕ ನೂರು ಕೆರೆಯ ರೈತರು ಬಚಾವಾಗುತ್ತಾರೆ. ಕಾವಲೇ ಇಲ್ಲದಿದ್ದರೆ ಒಂದು ಗಾಳಿಸುದ್ದಿ ಇಡೀ ಜಿಲ್ಲೆಯ ಬೆಳೆಗೆ ಮಸಿ ಬಳಿಯುತ್ತದೆ.

ಹಾಗಾದರೆ ಕೊಡಬೇಕಾದವರು ಯಾರು? ಕಾನೂನಿನ ಉತ್ತರ ಹುಟ್ಟಿದ್ದು ನಮ್ಮ ಪಾಲಾರ್ ನದಿಯ ಕೆಳದಂಡೆಯಲ್ಲೇ. ತಮಿಳುನಾಡಿನ ವೆಲ್ಲೂರು ಭಾಗದ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಚೆ ಪಾಲಾರ್ ಕಣಿವೆಯ ಹೊಲ, ಬಾವಿ ಕೆಡಿಸಿದಾಗ ವೆಲ್ಲೂರು ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಆಗಸ್ಟ್‌ನಲ್ಲಿ ಬಂದ ತೀರ್ಪು, ಕೊಳೆ ಮಾಡಿದವನೇ ತೆರಬೇಕು ಎಂಬ ತತ್ವವನ್ನೂ, ಕೇಡು ಸಾಬೀತಾಗುವ ತನಕ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕು ಎಂಬ ತತ್ವವನ್ನೂ ಈ ದೇಶದ ಕಾನೂನಿನ ಭಾಗ ಎಂದು ಒಪ್ಪಿತು. ಕೆಟ್ಟ ಪರಿಸರವನ್ನು ಸರಿಪಡಿಸುವ ಖರ್ಚೂ ಕೆಡಿಸಿದವನದೇ ಎಂದಿತು. ನಮ್ಮ ನದಿಯ ಹೆಸರಿನ ಜೊತೆಗೆ ದೇಶವೆಲ್ಲ ಓದುವ ತೀರ್ಪು ಇದು. ಆ ನದಿಯ ತಲೆಯಲ್ಲಿ ಕುಳಿತ ನಾವು ಅದನ್ನು ಮರೆತು ಪರೀಕ್ಷೆಯ ಹಣಕ್ಕೆ ಪಂಚಾಯತಿಯ ಗಲ್ಲಾ ತಡಕುವುದು ಸರಿಯಲ್ಲ.

ಬೆಂಗಳೂರಿಗೆ ಈ ಯೋಜನೆಯಿಂದ ಲಾಭವಿಲ್ಲವೆ? ಕಾವೇರಿಯಿಂದ ಅಷ್ಟು ಎತ್ತರಕ್ಕೆ ತಂದ ನೀರನ್ನು ಬಳಸಿದ ಮೇಲೆ ಬಹುಪಾಲು ಕೊಳಚೆಯಾಗಿ ಹೊರಬೀಳುತ್ತದೆ. ಕೋಲಾರಕ್ಕೆ ಬರದಿದ್ದರೆ ಅದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಯಲ್ಲಿ ಹೊಸೂರಿನ ಕಡೆ ಹರಿಯಬೇಕು, ಆ ದಾರಿಯ ನೊರೆ, ಆ ದಾರಿಯ ಮೊಕದ್ದಮೆ ಎಲ್ಲವನ್ನೂ ನಗರ ಎದುರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ದಾರಿ ತೆರೆಯಿತು. ಅಷ್ಟಕ್ಕೆ ತಕ್ಕ ಕೊಳಚೆಯೂ ಹೆಚ್ಚುತ್ತದೆ. ಅದಕ್ಕೆ ಜಾಗ ಕೊಡುವವರು ನಾವು. ನಾವು ನೀರು ಪಡೆಯುತ್ತೇವೆ, ನಿಜ. ಕೊಡುವವರೂ ಪಡೆಯುವವರೂ ಲಾಭದಲ್ಲಿರುವಾಗ, ನೀರಿನ ಗುಣದ ಹೊಣೆ ನೀರು ಶುದ್ಧ ಮಾಡಿ ಕಳಿಸುವವರದು, ತರುವ ಇಲಾಖೆಯದು. ಪರೀಕ್ಷೆಯ ಖರ್ಚು ಆ ಹೊಣೆಯ ಒಂದು ಭಾಗ, ಪಂಪಿನ ವಿದ್ಯುತ್ ಬಿಲ್ಲಿನಷ್ಟೇ ಸಹಜವಾದ ಭಾಗ.

ಆದರೆ ವರ್ಷ ವರ್ಷ ಬಜೆಟ್ಟಿನಲ್ಲಿ ಬೇಡಿ ಪಡೆಯುವ ಹಣದಿಂದ ಕಾವಲು ಉಳಿಯುವುದಿಲ್ಲ. ಮಂತ್ರಿ ಬದಲಾದರೆ, ಕಾರ್ಯದರ್ಶಿ ಬದಲಾದರೆ, ಆ ವರ್ಷ ಬೇರೆ ತುರ್ತು ಬಂದರೆ ಮೊದಲು ಕತ್ತರಿ ಬೀಳುವುದು ಇದಕ್ಕೇ. ನಮ್ಮ ಪೂರ್ವಿಕರು ಈ ಕಷ್ಟವನ್ನು ಚೆನ್ನಾಗಿ ಅರಿತಿದ್ದರು. ಕೋಲಾರ ಜಿಲ್ಲೆಯ ಶಾಸನಗಳಿಗೆಂದೇ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ ಮೀಸಲಾಗಿದೆ. ಕೆರೆ ಕಟ್ಟಿಸಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಟ್ಟ ಕಟ್ಟುಕೊಡಗೆ, ದಶವಂದಗಳು ಈ ಸೀಮೆಯ ಶಾಸನಗಳಿಗೆ ಚೆನ್ನಾಗಿ ಗೊತ್ತು. ಕೆರೆಯ ಕೆಳಗಿನ ಗದ್ದೆಯೇ ಕೆರೆಯ ಕಾವಲಿನ ಸಂಬಳ ಹುಟ್ಟಿಸಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ತೂಬು ಎತ್ತಿ ಇಳಿಸುವ, ಸರದಿಯಂತೆ ನೀರು ಹಾಯಿಸುವ, ಜಡಿಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ಸುತ್ತಿ ಎಲ್ಲಿ ಜಿನುಗಿದೆ ಎಂದು ನೋಡುವ ನೀರಗಂಟಿಗೆ ಸುಗ್ಗಿಯ ಕಣದಲ್ಲೇ ಪಾಲು ಅಳೆದು ಕೊಡುತ್ತಿದ್ದರು. ಆತ ಯಾರ ಕಚೇರಿಗೂ ಹೋಗಿ ಅನುದಾನ ಕೇಳಬೇಕಿರಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಕೆರೆ ಕಾಯುವ ಕೆಲಸ ದಲಿತ ಕುಟುಂಬಗಳ ಹೆಗಲಿಗೆ ಬಿದ್ದು ಗದ್ದೆ ಬೇರೆಯವರ ಕೈಯಲ್ಲಿದ್ದದ್ದೂ ಇತ್ತು. ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಕಾವಲಿನ ಹಣ ಶಾಶ್ವತ ಮೂಲದಿಂದ ಬರಬೇಕು ಎಂಬ ಒಂದು ವಿವೇಕವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ದತ್ತಿ ಉಪನ್ಯಾಸವನ್ನು ಕೇಳಲು ಕುಳಿತ ತಮಗೆ ದತ್ತಿಯ ತಿರುಳನ್ನು ವಿವರಿಸಬೇಕಿಲ್ಲ. ಮೂಲಧನಕ್ಕೆ ಕೈ ಹಾಕಬಾರದು, ಬಡ್ಡಿಯಲ್ಲಿ ಕೆಲಸ ನಡೆಯಬೇಕು. ಕೆರೆಯ ಕಾವಲಿಗೂ ಹೀಗೆಯೇ ದತ್ತಿ ಇಡಬೇಕು ಎಂಬುದು ನನ್ನ ಸೂಚನೆ. ಜಲಜೀವನ ಮಿಷನ್ ತನ್ನ ಅನುದಾನದಲ್ಲಿ ಶೇ. 2ರಷ್ಟನ್ನು ನೀರಿನ ಗುಣಮಟ್ಟದ ಮೇಲ್ವಿಚಾರಣೆಗೆ ಮೀಸಲಿಟ್ಟಿದೆ. ಅದೇ ಅಳತೆಯನ್ನು ಕೆ.ಸಿ. ವ್ಯಾಲಿಯ 1,342 ಕೋಟಿಗೆ ಹಾಕಿದರೆ 26 ಕೋಟಿ 84 ಲಕ್ಷವಾಗುತ್ತದೆ. ಅದನ್ನು ಠೇವಣಿ ಇಟ್ಟು ಶೇ. 6ರ ಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 1 ಕೋಟಿ 61 ಲಕ್ಷ. 126 ಕೆರೆಗಳಿಗೆ ಹಂಚಿದರೆ ಒಂದೊಂದು ಕೆರೆಗೆ ವರ್ಷಕ್ಕೆ ಒಂದು ಲಕ್ಷ 28 ಸಾವಿರದಷ್ಟು. ಬೆಲೆ ಏರಿದಂತೆ ಅದು ಸವೆಯುತ್ತದೆ, ಬಡ್ಡಿಯ ಒಂದು ಪಾಲನ್ನು ಮೂಲಕ್ಕೆ ಸೇರಿಸುತ್ತ ಹೋಗಬೇಕು. ಆ ವಿವರ ಲೆಕ್ಕ ಬಲ್ಲವರು ಕೂತು ಮಾಡಲಿ. ಫ್ಲಾರಿಡಾದವರು ಕಡಲಾಮೆಯ ಚಿತ್ರವಿರುವ ವಾಹನ ನಂಬರ್ ಪ್ಲೇಟನ್ನು ಹೆಚ್ಚುವರಿ ಶುಲ್ಕಕ್ಕೆ ಮಾರಿ, ಆ ಹಣವನ್ನು ರಾಜ್ಯದ ಆಮೆ ಸಂರಕ್ಷಣೆಗೆ ಬಳಸುತ್ತಾರೆ. ಮೂಲ ಯಾವುದಾದರೂ ಆಗಲಿ, ವಾರ್ಷಿಕ ಬಜೆಟ್ಟಿನ ಕತ್ತರಿಗೆ ಸಿಗದಿರಬೇಕು.

ಹಣದ ಮೂಲದಷ್ಟೇ ಮುಖ್ಯವಾದದ್ದು ಹಣ ಕೊಡುವವರಿಗೂ ಫಲಿತಾಂಶಕ್ಕೂ ಇರುವ ದೂರ. ಪರೀಕ್ಷೆ ಮಾಡುವ ಸಂಸ್ಥೆಯನ್ನು ಯೋಜನೆ ನಡೆಸುವ ಇಲಾಖೆಯೇ ಆರಿಸಿ, ವರದಿಯೂ ಆ ಇಲಾಖೆಯ ಕೈಗೇ ಹೋದರೆ, ಎಷ್ಟೇ ಪ್ರಾಮಾಣಿಕ ವಿಜ್ಞಾನಿ ಬರೆದದ್ದಾದರೂ ಜನ ನಂಬುವುದಿಲ್ಲ. ದುಡ್ಡು ಬೆಂಗಳೂರಿನದು, ಆಯ್ಕೆ ಮತ್ತು ಓದು ನಮ್ಮದು ಆಗಬೇಕು. ಜಿಲ್ಲಾ ಪಂಚಾಯತಿಯ ಅಡಿಯಲ್ಲಿ ಒಂದು ದತ್ತಿ ಮಂಡಳಿ ಇರಲಿ, ಅದರಲ್ಲಿ ಕೆರೆಯಿರುವ ಊರುಗಳ ಸದಸ್ಯರಿರಲಿ, ಮಾದರಿ ತೆಗೆಯುವ ದಿನ ಊರಿನ ಇಬ್ಬರು ಜೊತೆಗಿದ್ದು ಸಹಿ ಹಾಕಲಿ. ಎರಡನೇ ಮಾದರಿಯೊಂದು ಬೇರೆ ಪ್ರಯೋಗಾಲಯಕ್ಕೂ ಹೋಗಲಿ.

ಹೊಣೆ ಹೊರುವವರು ಇಲ್ಲದಾದರೆ ಏನಾಗುತ್ತದೆ ಎಂದು ಪಕ್ಕದ ಚಿನ್ನದ ಗಣಿಯ ಊರು ಕೆ.ಜಿ.ಎಫ್‌. ಸಾರಿ ಹೇಳುತ್ತಿದೆ. 2001ರ ಫೆಬ್ರವರಿಯ ಕೊನೆಯ ದಿನ ಗಣಿ ಮುಚ್ಚಿತು. 13 ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣು ಉಳಿಯಿತು. ಗಾಳಿಗೆ ಆ ಧೂಳು ಎದ್ದು ಕಾಲೊನಿಗಳ ಮೇಲೆ ಬೀಳುವುದನ್ನು ಒಂದು ತಲೆಮಾರು ಉಸಿರಾಡಿದೆ. ಗಣಿ ನಡೆದ ನೂರಿಪ್ಪತ್ತು ವರ್ಷದ ಚಿನ್ನದಲ್ಲಿ ಒಂದಿಷ್ಟನ್ನು ಆ ದಿಬ್ಬಗಳ ಕಾವಲಿಗೆ ಎತ್ತಿಟ್ಟಿದ್ದರೆ ಇಂದು ಆ ಜನ ಕಚೇರಿಯಿಂದ ಕಚೇರಿಗೆ ಅಲೆಯಬೇಕಿರಲಿಲ್ಲ. ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಮಾತು ಈಗ ನಡೆದಿದೆ. ಆ ಹೊಸ ಒಪ್ಪಂದಗಳಲ್ಲೂ ಕಾವಲಿನ ದತ್ತಿ ಬರಹದಲ್ಲಿ ಇರಬೇಕು.

ಇನ್ನೊಂದು ಮಾತು, ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕು. ವೊಲೂಸಿಯಾದಲ್ಲಿ ಕಾವಲುಗಾರನ ಮಾತಿಗೆ ಗೇಟು ಕಾಯುತ್ತದೆ. ನಮ್ಮಲ್ಲಿ ವರದಿ ಬರುವ ಹೊತ್ತಿಗೆ ನೀರು ಹತ್ತು ಕೆರೆ ದಾಟಿರುತ್ತದೆ. ಯಾವ ಅಂಶ ಎಷ್ಟು ಮೀರಿದರೆ ಪಂಪು ನಿಲ್ಲಬೇಕು, ನಿಲ್ಲಿಸುವ ಅಧಿಕಾರ ಯಾರದು, ಎಷ್ಟು ಗಂಟೆಯೊಳಗೆ ನಿಲ್ಲಬೇಕು, ಮತ್ತೆ ಆರಂಭಿಸಲು ಯಾರ ಸಹಿ ಬೇಕು ಎಂಬುದು ಮೊದಲೇ ಬರೆದಿರಬೇಕು. 2018ರ ಜುಲೈಯಲ್ಲಿ ನೊರೆ ಕಂಡಾಗ ನೀರು ನಿಲ್ಲಿಸಲು ಜನ ಕೆರೆಯ ದಂಡೆಗೂ ನ್ಯಾಯಾಲಯಕ್ಕೂ ಓಡಬೇಕಾಯಿತು. ಬರೆದಿಟ್ಟ ನಿಯಮವಿದ್ದರೆ ಕಿರಿಯ ಎಂಜಿನಿಯರೊಬ್ಬರು ಅದೇ ದಿನ ಮಾಡಬಹುದಾದ ಕೆಲಸ ಅದು.

ಫಲಿತಾಂಶ ಕನ್ನಡದಲ್ಲಿರಬೇಕು, ಕೆರೆಯ ಹೆಸರು ಹಿಡಿದಿರಬೇಕು. ಪಂಚಾಯತಿ ಕಚೇರಿಯ ಗೋಡೆಯ ಮೇಲೆ, ಹಾಲಿನ ಡೇರಿಯ ಎದುರು, ನಾಣ್ಯ ಹಾಕಿ ಕ್ಯಾನು ತುಂಬುವ ಶುದ್ಧ ನೀರಿನ ಘಟಕದ ಬಾಗಿಲಲ್ಲಿ ಅಂಟಿಸಬೇಕು. ಗ್ರಾಮಸಭೆಯಲ್ಲಿ ಪಿಡಿಒ ಅದನ್ನು ಗಟ್ಟಿಯಾಗಿ ಓದಬೇಕು, ಕಳೆದ ವರ್ಷದ ಅಂಕಿ ಪಕ್ಕದಲ್ಲಿರಬೇಕು. ಮುಂದೆ ಈ ಯೋಜನೆಗೆ ಸೇರುವ ಪ್ರತಿ ಕೆರೆಯ ವಿಷಯದಲ್ಲೂ, ನೀರು ಬರುವ ಮೊದಲೇ ಅಲ್ಲಿನ ಹೂಳು ಮತ್ತು ಸುತ್ತಲಿನ ಬಾವಿಗಳ ಪರೀಕ್ಷೆ ಆಗಿರಬೇಕು. ಮೊದಲು ಹೇಗಿತ್ತು ಎಂಬ ಅಂಕಿ ಕೈಯಲ್ಲಿಲ್ಲದೆ ಕೆಟ್ಟಿದೆ ಎಂದೂ, ಕೆಟ್ಟಿಲ್ಲ ಎಂದೂ ಯಾರೂ ರುಜುವಾತು ಮಾಡಲಾರರು. ಆ ಮೊದಲ ಪರೀಕ್ಷೆಯ ಹಣವನ್ನು ಜಲಮಂಡಳಿ ಮತ್ತು ಸಣ್ಣ ನೀರಾವರಿ ಇಲಾಖೆಗಳು ಪೈಪು ಇಳಿಸುವ ಟೆಂಡರಿನ ಜೊತೆಗೇ ದತ್ತಿಗೆ ಕಟ್ಟಲಿ, ಕಟ್ಟಿದ ರಸೀದಿಯನ್ನು ಆ ಊರಿನ ಗ್ರಾಮಸಭೆಗೆ ತಂದು ತೋರಿಸಲಿ.